ಮೂರನೆಯ ದೋಸೆ

ಕಬ್ಬಿಣದ ದೋಸೆ ಕಾವಲಿ ಕೊಳ್ಳಲು ಬಂದವರಿಗೆ ಬೆಲೆ ಹೇಳುವ ಮೊದಲು ನಾನು ಒಂದೆರಡು ಮಾತು ಹೇಳುತ್ತೇನೆ. ಹೊಳೆಯುವುದನ್ನು ಕೊಳ್ಳಬೇಡಿ. ಒಂದೇ ಕೈಯಲ್ಲಿ ಎತ್ತಿ ನೋಡಿ, ಮಣಿಕಟ್ಟು ನೋಯದಿದ್ದರೆ ಅದು ಕಾವಲಿಯಲ್ಲ, ತಗಡು. ಬೆರಳಿಂದ ತಿಕ್ಕಿ ನೋಡಿ, ಕಪ್ಪು ಬೆರಳಿಗೆ ಹತ್ತಿದರೆ ಅಲ್ಲೇ ಇಟ್ಟು ಎದ್ದು ಬನ್ನಿ. ಅಂಗಡಿಯವರು ಎಷ್ಟು ಕಡಿಮೆ ಮಾಡಿದರೂ ತಿರುಗಿ ನೋಡಬೇಡಿ.

ಇದು ನನ್ನ ಸ್ವಂತ ಬುದ್ಧಿಯಲ್ಲ. ಚಾಮರಾಜಪೇಟೆಯಲ್ಲಿ ನನ್ನ ಪಾತ್ರೆ ಅಂಗಡಿಯ ಹಿಂದಿನ ವಠಾರದಲ್ಲಿ ಹದಿನಾಲ್ಕು ವರ್ಷ ಇದ್ದ ಒಬ್ಬರು ಕಲಿಸಿದ್ದು. ಬಸವನಗುಡಿ ಕಡೆಯ ಹೋಟೆಲೊಂದರಲ್ಲಿ ನಲವತ್ತು ವರ್ಷ ದೋಸೆ ಹುಯ್ದು ನಿವೃತ್ತರಾದವರು. ಎಲ್ಲರೂ ಮಾಸ್ಟರ್ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬೇಕಾದಷ್ಟು ಬಳಸಿಕೊಂಡಾಗಿದೆ. ಕಳೆದ ಚಳಿಗಾಲದಲ್ಲಿ ತೀರಿಕೊಂಡರು.

ನಾನು ಮಾಗಡಿಯಾಚೆಯ ಹಳ್ಳಿಯವಳು. ತಲೆ ಮೇಲೆ ಸ್ಟೀಲ್ ಪಾತ್ರೆಯ ಬುಟ್ಟಿ ಹೊತ್ತು ಎನ್.ಆರ್. ಕಾಲೋನಿಯ ಮನೆಮನೆಗೆ ತಿರುಗಿ, ಹಳೇ ರೇಷ್ಮೆ ಸೀರೆಗೆ ಡಬರಿ ಕೊಟ್ಟು, ಕೊನೆಗೆ ಒಂದು ಅಂಗಡಿ ಮಾಡಿಕೊಂಡವಳು. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಅವರ ಚಪ್ಪಲಿ ನೋಡಿ ಬೆಲೆ ಕಟ್ಟುವುದು ನನಗೆ ಗೊತ್ತು. ಮಾಸ್ಟರ್ ಮೊದಲ ಸಲ ಬಂದಾಗಲೂ ಚಪ್ಪಲಿ ನೋಡಿದೆ. ಹವಾಯಿ, ಅದೂ ಒಂದು ಪಟ್ಟಿ ಪಿನ್ನು ಹಾಕಿದ್ದು. ಕೊಳ್ಳುವವರಲ್ಲ ಎಂದುಕೊಂಡೆ.

ಅವರು ಅಂಗಡಿಯಲ್ಲಿದ್ದ ಹನ್ನೆರಡು ಕಾವಲಿಗಳನ್ನೂ ಒಂದೊಂದಾಗಿ ಎತ್ತಿ, ಕಿವಿಯ ಹತ್ತಿರ ಹಿಡಿದು, ಬೆರಳ ಗಿಣ್ಣಿನಿಂದ ಕುಟ್ಟಿ ಕೇಳಿದರು. ಹನ್ನೊಂದನ್ನು ಪಕ್ಕಕ್ಕಿಟ್ಟರು. ನನಗೆ ರೇಗಿತು.

"ಏನ್ರೀ, ಹೆಣ್ಣು ನೋಡೋಕೆ ಬಂದಿದೀರಾ?"

"ಹೆಣ್ಣಾದ್ರೆ ಎರಡು ಮಾತಾಡಿ ತಿಳ್ಕೋಬಹುದಮ್ಮಾ. ಇದು ಬಾಯಿ ಬಿಡೋದು ಒಲೆ ಮೇಲೆ ಇಟ್ಮೇಲೇನೇ" ಎಂದರು. ಹನ್ನೆರಡನೆಯದನ್ನು ಚೌಕಾಸಿ ಮಾಡದೆ ತೆಗೆದುಕೊಂಡು ಹೋದರು. ಚೌಕಾಸಿ ಮಾಡದ ಗಿರಾಕಿಯನ್ನು ಕಂಡರೆ ನನಗೆ ಸ್ವಲ್ಪ ಅನುಮಾನ, ಸ್ವಲ್ಪ ಕನಿಕರ.

ಹೊಸ ಕಾವಲಿಯನ್ನು ಪಳಗಿಸುವುದು ಅವರ ನಿವೃತ್ತಿಯ ಕೆಲಸವಾಗಿತ್ತು. ಹೊಸ ಕಬ್ಬಿಣದ ಮೇಲೆ ಹಿಟ್ಟು ಹುಯ್ದರೆ ಅಂಟಿಕೊಳ್ಳುತ್ತದೆ, ಏಳುವುದಿಲ್ಲ. ಅದಕ್ಕೆ ಕಾರ್ಖಾನೆಯ ಜಿಡ್ಡು ತೆಗೆದು, ದಿನಕ್ಕೊಮ್ಮೆ ಬದಲಿಸುತ್ತ ಐದು ದಿನ ಗಂಜಿ ತಿಳಿಯಲ್ಲಿ ನೆನೆಹಾಕಿ, ಆಮೇಲೆ ಎಳ್ಳೆಣ್ಣೆ ಸವರಿ ಕಾಯಿಸಿ, ಆರಿಸಿ, ಮತ್ತೆ ಕಾಯಿಸಿ, ಅರ್ಧ ಈರುಳ್ಳಿಯಿಂದ ತಿಕ್ಕಿ, ಒಟ್ಟು ಹನ್ನೊಂದು ಹನ್ನೆರಡು ದಿನ ಹಿಡಿಯುತ್ತಿತ್ತು. ವಠಾರದ ಅಂಗಳದಲ್ಲಿ, ನಲ್ಲಿಯ ಪಕ್ಕ, ಒಂಟಿ ಒಲೆ. ಒಲೆಯ ಕಾವಿಗೆ ಅವರ ಬಲ ಮುಂಗೈಯಲ್ಲಿ ಒಂದು ಕೂದಲೂ ಇರಲಿಲ್ಲ, ಎಡಗೈಯಲ್ಲಿ ಪೊದೆ. ಕಾದ ಕಾವಲಿಯ ಮೇಲೆ ನೀರು ಚಿಮುಕಿಸಿ ತಲೆ ಓರೆ ಮಾಡಿ ಕೇಳುತ್ತಿದ್ದರು. ಚುರ್ ಎಂದು ಸಿಡಿದರೆ, "ಇನ್ನೂ ಬೈತಾ ಇದೆ." ಹನಿಗಳು ಉರುಳಾಡಿದರೆ, "ಈಗ ಮಾತಿಗೆ ಬಂತು."

ಒಮ್ಮೆ ಯಾರೋ ನಾಲ್ಕು ದಿನದಲ್ಲಿ ಬೇಕು, ದುಪ್ಪಟ್ಟು ಕೊಡುತ್ತೇನೆ ಎಂದರು. "ನೀವು ದುಪ್ಪಟ್ಟು ಕೊಟ್ಟಿದ್ದು ನನಗೆ ಗೊತ್ತಾಗುತ್ತೆ ಸ್ವಾಮಿ, ಕಬ್ಬಿಣಕ್ಕೆ ಗೊತ್ತಾಗಲ್ಲ" ಎಂದು ಕಳುಹಿಸಿಬಿಟ್ಟರು. ಅಂಥ ಗಿರಾಕಿಯನ್ನು ಬಿಟ್ಟಿರಲ್ಲ ಎಂದು ನಾನು ಅರ್ಧ ಗಂಟೆ ಬೈದೆ. ಅವರು ಈರುಳ್ಳಿ ತಿಕ್ಕುತ್ತ ಕೂತಿದ್ದರು.

ಪಳಗಿದ ಕಾವಲಿಯನ್ನು ಅವರು ಹಾಗೇ ಎತ್ತಿ ಕೊಡುತ್ತಿರಲಿಲ್ಲ. ಗಿರಾಕಿಯ ಎದುರೇ ಮೂರು ದೋಸೆ ಹುಯ್ಯಬೇಕು. ಮೊದಲನೆಯದು ಕಸಕ್ಕೆ. ಎರಡನೆಯದು ಬೀದಿಯ ಹಸುವಿಗೆ. ಮೂರನೆಯದನ್ನು ಗಿರಾಕಿ ಅಲ್ಲೇ ನಿಂತು ತಿನ್ನಬೇಕು. ಅದು ಮಗುಚುವ ಕೈ ತಾಕಿಸದೆ ತಾನಾಗಿ ಅಂಚು ಬಿಟ್ಟು ಏಳಬೇಕು, ತಿಂದವರು "ಆಯ್ತು" ಎನ್ನಬೇಕು. ಇಲ್ಲದಿದ್ದರೆ ಕಾವಲಿ ಮತ್ತೆ ಒಂದು ವಾರ ಒಳಗೆ. "ತಿಂದೋರು ಆಯ್ತು ಅನ್ನೋವರೆಗೂ ಅದು ನಮ್ದು" ಎನ್ನುತ್ತಿದ್ದರು. ಹೋಟೆಲಿನಲ್ಲಿ ಅವರಿಗೆ ಕೆಲಸ ಕಲಿಸಿದವರು ಹೇಳಿಕೊಟ್ಟದ್ದಂತೆ.

ಬಸವನಗುಡಿಯ ಡಾಕ್ಟರಮ್ಮ ಒಬ್ಬರು ಸಕ್ಕರೆ ಕಾಯಿಲೆ, ದೋಸೆ ಬೇಡ ಎಂದು ಹಠ ಹಿಡಿದಾಗ, ಮಾಸ್ಟರ್ ಹೊರಗೆ ಹೋಗಿ ಅವರ ಕಾರಿನ ಡ್ರೈವರನ್ನೇ ಕರೆತಂದರು. ಅವನು ತಿಂದು, "ಇನ್ನೊಂದ್ ಹಾಕಿ, ಗ್ಯಾರಂಟಿ ಹೇಳ್ತೀನಿ" ಎಂದ. ಇನ್ನೊಂದು ತಿಂದ ಮೇಲೂ ಗ್ಯಾರಂಟಿ ಹೇಳಲಿಲ್ಲ. ಡಾಕ್ಟರಮ್ಮನೇ ನಗುತ್ತ ಹೊರಡಿಸಿಕೊಂಡು ಹೋದರು.

ಮಾಸ್ಟರ್ ಮಾತ್ರ ದೋಸೆ ತಿನ್ನುತ್ತಿರಲಿಲ್ಲ. "ನಲ್ವತ್ತು ವರ್ಷ ಜೊತೇಲಿ ಕೆಲಸ ಮಾಡಿದೀವಿ. ತಿನ್ನೋಕೆ ಮನಸ್ಸು ಬರಲ್ಲ." ಬೆಳಿಗ್ಗೆ ಅವರಿಗೆ ಉಪ್ಪಿಟ್ಟು.

ಆನ್‌ಲೈನ್ ವ್ಯಾಪಾರದ ಯೋಚನೆ ನನ್ನದು. ಪಳಗಿದ ಕಾವಲಿಯೆಂದು ಯಾವ್ಯಾವುದನ್ನೋ ಅಲ್ಲಿ ನಮ್ಮ ಬೆಲೆಯ ನಾಲ್ಕರಷ್ಟಕ್ಕೆ ಮಾರುತ್ತಿರುವುದನ್ನು ಫೋನಿನಲ್ಲಿ ನೋಡಿದ ದಿನ ನನಗೆ ಊಟ ಸೇರಲಿಲ್ಲ. ಮಾಸ್ಟರ್ ಒಪ್ಪಲಿಲ್ಲ.

"ಅಂಗಡಿಯಮ್ಮಾ, ಹುಬ್ಬಳ್ಳಿಯೋರು ತಗೊಂಡ್ರೆ ಮೂರನೇ ದೋಸೆ ಯಾರು ತಿಂತಾರೆ?"

"ಅವರ ಬದಲು ನಾನ್ ತಿಂತೀನಿ."

"ಪ್ರತಿಯೊಂದಕ್ಕೂ?"

"ಪ್ರತಿಯೊಂದಕ್ಕೂ."

ಅವರು ನಕ್ಕರು. "ಹಂಗಾದ್ರೆ ಆಯ್ತು ಅನ್ನೋ ಜವಾಬ್ದಾರಿ ನಿಮ್ದು ನೋಡಿ" ಎಂದರು. ತಮಾಷೆಯ ದನಿಯೇ. ಆದರೆ ಅವರು ತಮಾಷೆಗೆ ಹೇಳಿದ್ದನ್ನೂ ಲೆಕ್ಕಕ್ಕಿಟ್ಟುಕೊಳ್ಳುವ ಮನುಷ್ಯ.

ಖಾತೆಯನ್ನು ಅವರ ಹೆಸರಿನಲ್ಲೇ ತೆರೆದೆ. "ನಿಮ್ಮ ಕೈಕೆಲಸ, ನಿಮ್ಮ ಹೆಸರಲ್ಲೇ ಇರ್ಲಿ ಮಾಸ್ಟ್ರೇ. ನಾಳೆ ನಾನಿಲ್ದಿದ್ರೂ ನಿಮಗೊಂದು ಆಸರೆ" ಎಂದೆ. ಅದು ನಿಜದ ಅರ್ಧ. ಉಳಿದರ್ಧವೆಂದರೆ, ನನ್ನ ಅಂಗಡಿಯ ಹೆಸರಿನಲ್ಲಿ ಆಗಲೇ ಒಂದು ಖಾತೆಯಿತ್ತು. ಸೊಟ್ಟಗಾದ ಕುಕ್ಕರುಗಳನ್ನು ಕಳುಹಿಸಿ ಅದಕ್ಕೆ ಐದರಲ್ಲಿ ಎರಡು ನಕ್ಷತ್ರ ಸಂಪಾದಿಸಿಯಾಗಿತ್ತು. ಕಾವಲಿಯ ಮೇಲೆ ಕೈಯಿಟ್ಟು ನಿಂತ ಮಾಸ್ಟರ ಫೋಟೋ ತೆಗೆದು ಹಾಕಿದೆ. ಬಿಳಿ ಬನಿಯನ್ನು, ಹೆಗಲ ಮೇಲೆ ಚೌಕ, ಆ ಬೋಳು ಮುಂಗೈ. ಕೆಳಗೆ ಬರೆದೆ: ನಲವತ್ತು ವರ್ಷ ದೋಸೆ ಹುಯ್ದ ಕೈಯಲ್ಲಿ ಪಳಗಿದ್ದು, ನಿಮ್ಮ ಜೀವಮಾನವಿಡೀ ಬಾಳುತ್ತದೆ.

ಖಾತೆ ತೆರೆಯಲು, ಏನಾದರೂ ಬದಲಿಸಲು, ಅವರ ಫೋನಿಗೆ ಓಟಿಪಿ ಬರುತ್ತಿತ್ತು. ಬಂದ ಕೂಡಲೇ ಅವರು ವಠಾರದ ಗೇಟಿನಲ್ಲಿ ನಿಂತು ಕೂಗುವರು.

"ಅಂಗಡಿಯಮ್ಮಾ, ನಂಬರ್ ಬಂತು! ನಾಲ್ಕು, ಒಂಬತ್ತು..."

"ಅಯ್ಯೋ ಮೆತ್ತಗೆ ಮಾಸ್ಟ್ರೇ! ಅದನ್ನ ಯಾರಿಗೂ ಹೇಳ್ಬಾರ್ದು."

"ಯಾರಿಗೂ ಹೇಳ್ಬಾರ್ದು ಅಂದ್ರೆ ನಿಮಗ್ಯಾಕೆ ಹೇಳ್ಲಿ?"

"ನನಗೆ ಹೇಳ್ಬಹುದು."

"ಸರಿ, ಹಂಗಾದ್ರೆ. ನಾಲ್ಕು, ಒಂಬತ್ತು, ಒಂಬತ್ತು..."

ಮೊದಲ ಏಳೆಂಟು ತಿಂಗಳು ಎಲ್ಲ ನೇರವಾಗಿಯೇ ನಡೆಯಿತು. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಅಂಗಳದಲ್ಲಿ ನಿಂತು ಮೂರನೆಯ ದೋಸೆ ತಿನ್ನುತ್ತಿದ್ದೆ, ಆಯ್ತು ಎನ್ನುತ್ತಿದ್ದೆ, ಡಬ್ಬ ಕಟ್ಟುತ್ತಿದ್ದೆ. ರವಿಕೆಗಳು ಬಿಗಿಯಾದವು. ದೂರದ ಊರುಗಳವರು ಮಾಸ್ಟರನ್ನು ಹೊಗಳಿ ಬರೆದರು. ಓದಿ ಹೇಳಿದರೆ ಅವರು ಕಿವಿಯವರೆಗೆ ಕೆಂಪಾಗಿ, "ಅದರಲ್ಲಿ ಹಿಟ್ಟು ರುಬ್ಬಿದೋರ ಪಾಲೂ ಇರುತ್ತಲ್ಲ" ಎನ್ನುತ್ತಿದ್ದರು. ಆನ್‌ಲೈನ್ ಕಂಪನಿಯವರು ನಮ್ಮ ಪುಟದ ಮೇಲೆ ನಂಬಿಕೆಯ ಮಾರಾಟಗಾರ ಎಂಬ ಹಸಿರು ಮುದ್ರೆ ಒತ್ತಿದರು. ಅವರ ಕಡೆಯಿಂದ ಒಬ್ಬ ನರಪಿಳ್ಳೆಯೂ ಚಾಮರಾಜಪೇಟೆಗೆ ಬಂದು ಒಲೆಯನ್ನಾಗಲಿ ಕಾವಲಿಯನ್ನಾಗಲಿ ನೋಡಿರಲಿಲ್ಲ. ಆ ಹಸಿರು ಮುದ್ರೆಯ ಬಗ್ಗೆ ನಾನು ಕೊಡುವ ಸಲಹೆ ಇಷ್ಟೇ: ಅದನ್ನು ಒತ್ತಿದವರು ಎದ್ದು ಬಂದು ನೋಡಿದ್ದಾರೆಯೇ ಎಂದು ಕೇಳಿಕೊಳ್ಳಿ.

ಹೊಗಳಿಕೆಗಳ ಹಿಂದೆಯೇ ಆರ್ಡರುಗಳು ಬಂದವು. ನಾನು ಬೆಳಗಿನ ದೋಸೆ ತಪ್ಪಿಸತೊಡಗಿದೆ. "ನೀವೇ ನೋಡ್ಬಿಡಿ ಮಾಸ್ಟ್ರೇ" ಎಂದರೆ, "ಪರೀಕ್ಷೆ ಬರೆದೋನೇ ಪೇಪರ್ ತಿದ್ದೋಕಾಗುತ್ತಾ?" ಎಂದು ನಾನು ಬರುವವರೆಗೆ ಕಾಯುತ್ತಿದ್ದರು. ದಸರಾ ಹತ್ತಿರ ಬಂದಾಗ ಬೇಡಿಕೆ ಮಿತಿ ಮೀರಿತು. ಅವರ ಕೈಯಲ್ಲಿ ಒಂದು ಸರದಿಗೆ ಎಂಟು ಕಾವಲಿ ಪಳಗುತ್ತಿದ್ದವು, ಒಂಬತ್ತನೆಯದಿಲ್ಲ. ಇನ್ನೊಂದು ಒಲೆ ಕೊಡಿಸುತ್ತೇನೆ ಎಂದೆ. "ಒಲೆ ಎರಡಾಗುತ್ತೆ, ಕಿವಿ?" ಎಂದರು.

ಪೇಟೆಯ ಸಗಟು ವ್ಯಾಪಾರಿಯೊಬ್ಬ ನನಗೆ ಬಹಳ ವರ್ಷದಿಂದ ಪರಿಚಯ. ಅವನ ಬಳಿ ಹೋದೆ.

"ಅಕ್ಕಾ, ಈಗ ಪಳಗಿಸಿದ್ದೇ ರೆಡಿ ಬರುತ್ತೆ. ಡಬ್ಬ ಬಿಚ್ಚು, ದೋಸೆ ಹುಯ್ಯಿ, ಅಷ್ಟೇ" ಎಂದು ಒಂದನ್ನು ಕೈಗೆ ಕೊಟ್ಟ.

ಹೆಬ್ಬೆರಳಿನಿಂದ ತಿಕ್ಕಿದೆ. ಕಪ್ಪು ಬೆರಳಿಗೆ ಬಂತು.

"ಇದು ಪಳಗಿಸಿದ್ದೋ, ಬಣ್ಣ ಹೊಡೆದಿದ್ದೋ?"

"ಬಿಡಕ್ಕಾ, ಆನ್‌ಲೈನಲ್ಲಿ ತಗೊಳ್ಳೋರು ಫೋಟೋ ತಾನೇ ತಿಕ್ಕಿ ನೋಡೋದು?"

ಇಲ್ಲಿ ನಾನು ಮಾಡಿದ್ದನ್ನು ಮರೆಮಾಚದೆ ಬರೆಯಬೇಕು. ಬೆರಳಿಗೆ ಹತ್ತಿದ ಕಪ್ಪನ್ನು ಅವನ ಮುಖದೆದುರು ಹಿಡಿದು, ಇಂಥ ಮಾಲಿಗೆ ಇಷ್ಟು ಬೆಲೆಯೇ ಎಂದು ಚೌಕಾಸಿ ಮಾಡಿದೆ. ಅವನು ಇಳಿಸಿದ. ಇನ್ನೂ ಇಳಿಸಿದೆ. ಹಾಗಾಗಿ ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಬಾಗಿಲನ್ನು ನಾನೇ ನನ್ನ ಕೈಯಾರೆ ಹಾಕಿಕೊಂಡೆ. ಅದನ್ನು ತೋರಿಸಿ ಲಾಭ ಮಾಡಿಕೊಂಡವಳು ಅದನ್ನು ಕಂಡಿಲ್ಲ ಎನ್ನುವುದು ಹೇಗೆ? ಬೆರಳನ್ನು ಸೆರಗಿಗೆ ಒರೆಸಿಕೊಂಡು ಅರವತ್ತು ಕಾವಲಿಗೆ ಆಟೋ ಹಿಡಿದೆ.

ಅವು ವಠಾರಕ್ಕೆ ಹೋಗಲೇ ಇಲ್ಲ. ಅಂಗಡಿಯ ಅಟ್ಟದಲ್ಲೇ ಡಬ್ಬ ಕಟ್ಟಿದೆ. ಪ್ರತಿ ಡಬ್ಬದೊಳಗೆ ಮಾಸ್ಟರ ಫೋಟೋ ಇದ್ದ ಕಾರ್ಡು, ಹೊರಗಿನ ಬಿಲ್ಲಿನಲ್ಲಿ ಅವರ ಹೆಸರು, ವಠಾರದ ವಿಳಾಸ. ಹಬ್ಬದ ಗಡಿಬಿಡಿ, ಇದೊಂದು ಸಲ, ಮುಂದಿನ ಸರದಿಯಿಂದ ಅವರದ್ದೇ ಎಂದು ನನಗೆ ನಾನೇ ಹೇಳಿಕೊಂಡೆ. ಜನ ಮೋಸ ಮಾಡುವುದು ಹೀಗೆಯೇ. ಇದೊಂದು ಸಲ ಎಂದವರ ಹತ್ತಿರ ಏನನ್ನೂ ಕೊಳ್ಳಬೇಡಿ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಮಲ್ಲೇಶ್ವರದಿಂದ ಒಬ್ಬ ಹೆಂಗಸು ಬಂದಳು. ಸಂಪಿಗೆ ರಸ್ತೆಯ ಹಿಂದಿನ ಗಲ್ಲಿಯವಳು. ಹನ್ನೆರಡು ಮನೆಗಳಿಗೆ ಬೆಳಗಿನ ತಿಂಡಿ ಮಾಡಿ ಕಳುಹಿಸಿ ಸಂಸಾರ ನಡೆಸುತ್ತಿದ್ದವಳು. ಕಂಕುಳಲ್ಲಿ ಪೇಪರಿನಲ್ಲಿ ಸುತ್ತಿದ ಕಾವಲಿ. ನಾನು ಆಗ ಅಂಗಳದಲ್ಲೇ ಇದ್ದೆ.

"ದೋಸೆ ಮಾಸ್ಟರ್ ಅಂದ್ರೆ ಯಾರು ಇಲ್ಲಿ?"

"ನಾನೇ ತಾಯಿ. ಕೂತ್ಕೊಳ್ಳಿ."

"ಕೂತ್ಕೊಳ್ಳೋಕೆ ಬಂದಿಲ್ಲ. ಜೀವಮಾನವಿಡೀ ಬಾಳುತ್ತೆ ಅಂತ ಬರೆದಿದೀರಲ್ಲ, ಯಾರ ಜೀವಮಾನ ಸ್ವಾಮಿ, ಸೊಳ್ಳೇದಾ? ದೋಸೆ ತುಂಬ ಕಪ್ಪು ಚಕ್ಕೆ. ಒಂದ್ ಮನೇಲಿ ಮಗು ಬಾಯಿಂದ ತೆಗೆದು ಫೋಟೋ ಕಳಿಸಿದ್ರು. ಹನ್ನೆರಡು ಮನೇಲಿ ಎಂಟು ಮನೆ ನಿಂತೋಯ್ತು. ನಿಮ್ಮ ಮುಖ ನೋಡಿ ತಗೊಂಡೆ ನಾನು."

ಮಾಸ್ಟರ್ ಕಾವಲಿಯನ್ನು ಒಲೆಯ ಮೇಲಿಟ್ಟರು. ಕಾದ ಮೇಲೆ ನೀರು ಚಿಮುಕಿಸಿದರು. ಬಣ್ಣ ಗುಳ್ಳೆಗುಳ್ಳೆಯಾಗಿ ಎದ್ದು, ಟಾರು ಸುಟ್ಟಂಥ ವಾಸನೆ ಬಂತು. ಅವರು ಒಲೆ ಆರಿಸಿ ನನ್ನ ಕಡೆ ನೋಡಿದರು. ಬೈಗುಳವಿಲ್ಲದ ನೋಟ, ಸುಮ್ಮನೆ ಕೇಳುವ ನೋಟ. ನಾನು ಅಲ್ಲಿಯೇ ಹೇಳಬಹುದಿತ್ತು.

"ಕಂಪನಿ ಗೋಡೌನಲ್ಲಿ ಅದಲು ಬದಲು ಆಗಿರ್ಬೇಕು ಮಾಸ್ಟ್ರೇ. ಆನ್‌ಲೈನಲ್ಲಿ ಇದೆಲ್ಲ ಇದ್ದಿದ್ದೇ" ಎಂದೆ.

"ಇದನ್ನ ನಾನು ಪಳಗಿಸಿಲ್ಲ ತಾಯಿ" ಎಂದರು ಮಾಸ್ಟರ್ ಆಕೆಗೆ.

"ಹಂಗಾದ್ರೆ ಇನ್ಯಾರು? ಕಂಪನಿಗೆ ಫೋನ್ ಮಾಡಿದ್ರೆ, ನಾವು ಬರೀ ಜಾಗ ಕೊಟ್ಟಿದೀವಿ, ಮಾರಿದೋರನ್ನ ಕೇಳಿ ಅಂತಾರೆ. ಮಾರಿದೋರು ನೀವು. ನೀವು ನಂದಲ್ಲ ಅಂತೀರ. ಈಯಮ್ಮ ಗೋಡೌನು ಅಂತಾರೆ. ಇದೇನು ತಾನೇ ಬಸ್ ಹತ್ಕೊಂಡು ಮಲ್ಲೇಶ್ವರಕ್ಕೆ ಬಂತಾ?"

ಮಾಸ್ಟರ್ ಒಳಗೆ ಹೋಗಿ ತಮ್ಮ ಸ್ವಂತ ಕಾವಲಿಯನ್ನು ತಂದರು. ಹೋಟೆಲ್ ಬಿಡುವ ದಿನ ಮಾಲೀಕರು ಕೊಟ್ಟದ್ದು, ಅಂಚು ಸವೆದು ಕನ್ನಡಿಯಂತಾಗಿತ್ತು. ಅದರ ಮೇಲೆ ಮೂರು ದೋಸೆ ಹುಯ್ದು, ಮೂರನೆಯದನ್ನು ಬಾಳೆಲೆಯ ತುಂಡಿನ ಮೇಲೆ ಆಕೆಗೆ ಕೊಟ್ಟರು. ಆಕೆ ನಿಂತೇ ತಿಂದಳು.

"ಉಪ್ಪು ಒಂಚೂರು ಕಮ್ಮಿ" ಎಂದಳು.

"ಹಿಟ್ಟು ಪಕ್ಕದ ಮನೇದು. ಕಾವಲಿ?"

"ಕಾವಲಿ ಆಯ್ತು."

"ತಗೊಂಡ್ ಹೋಗಿ. ಫೋಟೋ ನಂದು ಅಂದ್ಮೇಲೆ ಜವಾಬ್ದಾರೀನೂ ನಂದೇ. ಆ ಎಂಟು ಮನೆಯೋರಿಗೆ ನನ್ನ ಹೆಸರು ಹೇಳಿ, ತಪ್ಪು ಅವನದು ಅಂತ ಹೇಳಿ."

ಆಕೆ ಹೋದ ಮೇಲೆ ಅವರು ನನ್ನನ್ನು ಒಂದೇ ಒಂದು ಕೇಳಿದರು. ಯಾರ್ಯಾರಿಗೆ ಹೋಗಿದೆಯೋ ಅವರ ವಿಳಾಸ ಕೊಡಿ, ಎಲ್ಲರಿಗೂ ಕಾಗದ ಬರೆದು ತರಿಸಿಕೊಂಡು ಪಳಗಿಸಿ ಕಳುಹಿಸುತ್ತೇನೆ.

"ವಿಳಾಸ ಕಂಪನಿಯೋರು ಗುಟ್ಟಾಗಿ ಇಟ್ಟಿರ್ತಾರೆ ಮಾಸ್ಟ್ರೇ. ನಮಗೆ ಕಾಣಿಸಲ್ಲ" ಎಂದೆ.

ಅರವತ್ತು ವಿಳಾಸಗಳ ಪ್ರತಿ ಅಂಗಡಿಯ ಅಟ್ಟದಲ್ಲಿ ಒಂದು ಬಿಸ್ಕತ್ತಿನ ಡಬ್ಬದಲ್ಲಿತ್ತು. ಕೊಟ್ಟರೆ ಅವರು ಅರವತ್ತು ಜನರನ್ನೂ ವಿಚಾರಿಸುವರು, ವಿಚಾರಿಸಿದರೆ ಎಲ್ಲವೂ ಒಂದೇ ವಾರದಲ್ಲಿ ನನ್ನ ಅಟ್ಟದಿಂದ ಹೋದದ್ದು ತಿಳಿಯುವುದು. ಹಾಗಾದರೆ ಪುಟದ ಮೇಲಾದರೂ ಬರೆಯಿರಿ, ಇವು ನಾನು ಪಳಗಿಸಿದ್ದಲ್ಲ, ತಂದರೆ ಸರಿ ಮಾಡಿಕೊಡುತ್ತೇನೆ ಎಂದು, ಎಂದರು ಮಾಸ್ಟರ್. ಬರೆದೆ ಎಂದೆ. ಬರೆದದ್ದು "ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಎಂದಷ್ಟೇ.

ಅವರು ನನ್ನನ್ನೇ ನಂಬಿ ಕೂರಲಿಲ್ಲ. "ಆನ್‌ಲೈನಿನಲ್ಲಿ ನನ್ನ ಫೋಟೋ ನೋಡಿ ಕಾವಲಿ ಕೊಂಡವರು ಇಲ್ಲಿ ತಂದುಕೊಡಿ" ಎಂದು ವಠಾರದ ಗೇಟಿನ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ಹುಬ್ಬಳ್ಳಿಯವರು ಚಾಮರಾಜಪೇಟೆಯ ಗೇಟು ಓದುವುದು ಯಾವಾಗ? ಮಳೆ ಬಂದಾಗಲೆಲ್ಲ ಅಳಿಸುತ್ತಿತ್ತು, ಮತ್ತೆ ಬರೆಯುತ್ತಿದ್ದರು. ಬಿಲ್ಲಿನಲ್ಲಿದ್ದ ವಿಳಾಸ ಹಿಡಿದು ಇನ್ನೂ ನಾಲ್ಕು ಜನ ಬಂದರು. ಅವರ ಕಾವಲಿಗಳ ಬಣ್ಣವನ್ನು ಇಟ್ಟಿಗೆ ಚೂರಿನಿಂದ ಉಜ್ಜಿ, ಸುಟ್ಟು, ಮತ್ತೆ ಉಜ್ಜಿ ತೆಗೆದರು. ಆ ಹೊಗೆಗೆ ಕೆಮ್ಮುತ್ತಿದ್ದರು. ಅದರಿಂದಲೇ ಎದೆ ಕೆಟ್ಟಿತು ಎಂದು ಯಾವ ಡಾಕ್ಟರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಸಗಟಿನವನ ಬಳಿ ಜಗಳಕ್ಕೆ ಹೋದೆ. "ಪಳಗಿಸಿದ್ದು ಅಂತ ನಾನು ನಿನಗೆ ಬಿಲ್ಲಲ್ಲಿ ಬರ್ಕೊಟ್ಟಿದೀನಾ ಅಕ್ಕಾ? ಕಪ್ಪು ತೋರಿಸಿ ಬೆಲೆ ಇಳಿಸಿದ್ದು ಯಾರು?" ಎಂದ. ಅವನು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ದೂರುಗಳು ಹೆಚ್ಚಾಗಿ ಕಂಪನಿಯವರು ಪುಟ ಮುಚ್ಚಿದರು. ಮುಚ್ಚುವ ಮೊದಲು ಮಾಸ್ಟರ ಫೋಟೋದ ಕೆಳಗೆ ಜನ ಬರೆದಿದ್ದನ್ನು ನಾನು ಓದಿದ್ದೆ. ಮೋಸಗಾರ ಎಂಬುದು ಅದರಲ್ಲಿ ಮರ್ಯಾದಸ್ಥ ಮಾತು. ಅವರಿಗೆ ಓದಿ ಹೇಳಲಿಲ್ಲ. ಆದರೆ ಬಿನ್ನಿಪೇಟೆಯಲ್ಲಿರುವ ಅವರ ಮಗಳು ಓದಿದ್ದರು ಎಂದು ಆಮೇಲೆ ತಿಳಿಯಿತು.

"ಹೋದ್ರೆ ಹೋಯ್ತು ಬಿಡಿ ಮಾಸ್ಟ್ರೇ. ಇನ್ನೊಂದು ಖಾತೆ ತೆರೆದ್ರಾಯ್ತು" ಎಂದೆ.

"ಬೇಡ ಮೇಡಂ" ಎಂದರು.

ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಮೇಡಂ ಎಂದದ್ದು ಅದೇ ಮೊದಲು. ಅಂಗಡಿಯಮ್ಮ ಎಂಬುದು ಅಲ್ಲಿಗೆ ನಿಂತಿತು. ಅವರಿಗೆ ಗೊತ್ತಾಗಿದೆ ಎಂದು ನನಗೆ ಗೊತ್ತಾಯಿತು. ಬೈದು ಬಿಡಿ ಮಾಸ್ಟ್ರೇ ಎಂದು ಕೇಳಿಕೊಂಡೆ, ಯಾತಕ್ಕೆಂದು ಮಾತ್ರ ಹೇಳದೆ.

ಅವರು ಈರುಳ್ಳಿಯನ್ನು ಪಕ್ಕಕ್ಕಿಟ್ಟು ಹೇಳಿದರು. "ನಿಮ್ಮನ್ನ ಬೈಯೋಕೆ ನನಗೆ ಅಧಿಕಾರ ಇಲ್ಲ ಮೇಡಂ. ನಂಬರ್ ಕೂಗಿ ಹೇಳಿದ್ದು ನಾನೇ."

ತಮ್ಮ ಪಾಲು ಎಷ್ಟು ಎಂದು ಅವರು ಆಗಲೇ ಯೋಚಿಸಿ ಮುಗಿಸಿದ್ದರು. ನಾನಿನ್ನೂ ಶುರು ಮಾಡಿರಲಿಲ್ಲ. ಆಮೇಲೆ ವರ್ಷಕ್ಕಿಂತ ಕಡಿಮೆ ಬದುಕಿದರು. ನಾನು ಕೊಟ್ಟು ಕಳುಹಿಸಿದ ಹಣ್ಣನ್ನು ವಠಾರದವರಿಗೆ ಹಂಚುತ್ತಿದ್ದರಂತೆ.

ಅವರ ಕಾರ್ಯವೆಲ್ಲ ಮುಗಿದು ತಿಂಗಳಾದ ಮೇಲೆ ಮಗಳು ಅಂಗಡಿಗೆ ಬಂದರು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವರು, ಅಪ್ಪನ ಹಾಗೇ ಮಿತಭಾಷಿ. ಕೈಯಲ್ಲಿ ಕಂದು ಲಕೋಟೆ. ಗ್ರಾಹಕರ ಆಯೋಗದಿಂದ ಅವರ ಅಪ್ಪನ ಹೆಸರಿಗೆ ಬಂದ ನೋಟೀಸು. ತುಮಕೂರಿನ ಒಬ್ಬರು ಕಂಪನಿಯ ಮೇಲೂ ಮಾಸ್ಟರ ಮೇಲೂ ದೂರು ಕೊಟ್ಟಿದ್ದರು.

ನನ್ನ ಬಾಯಿಗೆ ಮೊದಲು ಬಂದದ್ದು ಸಲಹೆ. "ಏನೂ ಹೆದರ್ಬೇಡಮ್ಮ. ಮರಣ ಪತ್ರ ಲಗತ್ತಿಸಿ ಕಳಿಸ್ಬಿಡು. ಮನುಷ್ಯನೇ ಇಲ್ಲ ಅಂದ್ಮೇಲೆ ಯಾರನ್ನ ಕೇಳ್ತಾರೆ?"

"ಕೇಸ್ ಹೋಗುತ್ತೋ ಇಲ್ವೋ ಅದಲ್ಲ ಆಂಟಿ" ಎಂದರು. "ಅಪ್ಪ ಮೋಸ ಮಾಡಿದ್ರಾ? ಕೊನೇ ಸಲ ಆಸ್ಪತ್ರೇಲಿ ಕೇಳ್ದೆ. ಫೋಟೋ ನಂದೇ ಕಣಮ್ಮ ಅಂದ್ರು. ಇನ್ನೇನೂ ಹೇಳ್ಲಿಲ್ಲ. ಅವರು ಮಾಡಿದ್ರು ಅಂತಲೇ ನಾನು ಅಂದ್ಕೋಬೇಕಾ?"

ನನ್ನ ಹೆಸರು ಹೇಳಲು ಮಾಸ್ಟರಿಗೆ ಅಷ್ಟು ದಿನಗಳಿದ್ದವು. ಒಂದು ಮಾತು ಸಾಕಿತ್ತು. ಹೇಳದೆ, ಮಗಳ ಕಣ್ಣಿನಲ್ಲಿ ಮೋಸಗಾರರಾಗಿಯೇ ಹೋಗಿದ್ದರು.

ಅಟ್ಟ ಹತ್ತಿ ಬಿಸ್ಕತ್ತಿನ ಡಬ್ಬ ತಂದು ಗಲ್ಲಾದ ಮೇಲಿಟ್ಟೆ. ನಿಂತುಕೊಂಡೇ ಎಲ್ಲ ಹೇಳಿದೆ, ಸಗಟಿನವನ ಹತ್ತಿರ ಬೆರಳು ತೋರಿಸಿದ್ದರ ಸಮೇತ. ಆಕೆ ಅಳಲಿಲ್ಲ, ಕೂಗಾಡಲಿಲ್ಲ. ವಿಳಾಸದ ಚೀಟಿಗಳನ್ನು ಒಂದೊಂದಾಗಿ ತೆಗೆದು ನೋಡಿದರು.

"ಇದು ಇದ್ದಿದ್ರೆ ಅಪ್ಪ ಎಲ್ಲರಿಗೂ ಬರೀತಿದ್ರು" ಎಂದರು.

"ಬರೀತಿದ್ರು."

"ನನಗೆ ಹೇಳಿದ್ರಿ, ಆಯ್ತು. ನನ್ನಿಂದ ಏನ್ ಆಗ್ಬೇಕು ಈಗ ನಿಮಗೆ? ಹೋಗ್ಲಿ ಬಿಡಿ ಆಂಟಿ ಅನ್ಬೇಕಾ? ಅನ್ನಲ್ಲ. ಅಲ್ಲಿ ಬಂದು ಹೇಳಿ."

ವಿಚಾರಣೆಯ ದಿನ ಆಯೋಗಕ್ಕೆ ಹೋದೆ. ಹೋಗಬೇಡ, ನಿನ್ನ ಹೆಸರು ಯಾವ ಕಾಗದದಲ್ಲೂ ಇಲ್ಲ, ತಾನಾಗಿ ತಲೆ ಕೊಡುವುದು ಯಾಕೆ ಎಂದು ಪರಿಚಯದ ವಕೀಲರು ಹೇಳಿದರು. ಬೇರೆ ಯಾರಿಗಾದರೂ ನಾನೂ ಅದೇ ಸಲಹೆ ಕೊಡುತ್ತಿದ್ದೆ.

ಕಂಪನಿಯ ಪರವಾಗಿ ಬಂದಿದ್ದ ವಕೀಲರು ತರುಣ. ತಮ್ಮದು ಬರೀ ವೇದಿಕೆ, ಕೊಳ್ಳುವವರು ಮಾರುವವರ ನಡುವಿನ ವ್ಯವಹಾರಕ್ಕೆ ತಾವು ಹೊಣೆಯಲ್ಲ ಎಂದು ಓದಿದರು. ನಾನು ಎದ್ದು, ಕಾವಲಿ ಕಳುಹಿಸಿದವಳು ನಾನು, ತೀರಿಕೊಂಡವರಿಗೆ ಆಗ ಅದು ಗೊತ್ತೇ ಇರಲಿಲ್ಲ ಎಂದು ಹೇಳಿದಾಗ ಆ ವಕೀಲರ ಮುಖದಲ್ಲಿ ಎಂಥ ಕಳೆ! ನೋಡಿ, ತಪ್ಪಿತಸ್ಥರು ಸಿಕ್ಕರಲ್ಲ ಎಂಬಂತೆ ಕಡತ ಮುಚ್ಚಿದರು. ನನಗೆ ತಡೆಯಲಾಗಲಿಲ್ಲ. "ಮುಚ್ಬೇಡಿ ಸಾರ್. ಪ್ರತಿ ಕಾವಲಿ ಮೇಲೂ ನಿಮ್ಮ ಕಮಿಷನ್ ತಗೊಂಡಿದೀರ. ಹಸಿರು ಮುದ್ರೆ ಒತ್ತಿದ್ದು ನೀವು. ಜನ ದೂರು ಹೇಳಿದಾಗ ಮಾತ್ರ ಬರೀ ಜಾಗ ಕೊಟ್ಟೋರು ಆಗ್ಬಿಟ್ರಾ?" ಎಂದೆ. ಕಂಪನಿಯವರ ಪಾಲನ್ನು ಆಯೋಗ ಎಷ್ಟೆಂದು ಹೇಳುತ್ತದೋ ಹೇಳಲಿ, ಕೇಸು ಇನ್ನೂ ನಡೆಯುತ್ತಿದೆ. ಅವರದು ಹೆಚ್ಚಾದರೂ ನನ್ನದು ಕಡಿಮೆಯಾಗುವುದಿಲ್ಲ ಎಂಬಷ್ಟು ನನಗೆ ಗೊತ್ತು. ಇದೊಂದರಲ್ಲಿ ಚೌಕಾಸಿ ನಡೆಯುವುದಿಲ್ಲ.

ದೂರು ಕೊಟ್ಟ ತುಮಕೂರಿನವರು ನಿವೃತ್ತ ಲೈನ್‌ಮನ್, ಅರವತ್ತೈದರ ಸುಮಾರು. ಅಷ್ಟು ಹೊತ್ತು ನನ್ನನ್ನೇ ನೋಡುತ್ತ ಕೂತಿದ್ದವರು ಎದ್ದು ನಿಂತರು.

"ಒಂದ್ ಮಾತಮ್ಮಾ. ಕಳಿಸಿದ್ದು ನೀವು, ಮಾರಿದ್ದು ನೀವು. ಆ ಯಜಮಾನರ ಫೋಟೋ ಯಾಕೆ ಹಾಕಿದ್ರಿ ಮತ್ತೆ?"

ಹಿಂದಿನ ಸಾಲಿನಲ್ಲಿ ಮಾಸ್ಟರ ಮಗಳು ಕೂತಿದ್ದರು. ನಾನು ತಿರುಗಲಿಲ್ಲ.

"ನನ್ನ ಮುಖ ಹಾಕಿದ್ರೆ ನೀವು ತಗೊಳ್ತಿರ್ಲಿಲ್ಲ ಸಾರ್" ಎಂದೆ.

ಹೇಳಿಕೆ ಬರೆದುಕೊಳ್ಳುತ್ತಿದ್ದ ಗುಮಾಸ್ತೆ ಪೆನ್ನು ನಿಲ್ಲಿಸಿ ತಲೆಯೆತ್ತಿದಳು.

"ಇದನ್ನೂ ಬರ್ಕೊಳ್ಲಾ?"

"ಬರ್ಕೊಳ್ಳಮ್ಮ" ಎಂದೆ.